ಒಣಗದ ಬುರುಡೆ

ಗಾಳೆಮ್ಮ ಒಂದು ಕಾಲನ್ನು ಹೊಸ್ತಿಲ ಒಳಗೂ ಇನ್ನೊಂದನ್ನು ಹೊರಗೂ ಇಟ್ಟು ಹಿಂದುಮುಂದು ನೋಡುತ್ತಿದ್ದಾಗಲೇ ಬಸಲಿಂಗಮ್ಮ ಆಕೆಯ ಮುಂಗೈ ಹಿಡಿದು ಒಳಗೆ ಎಳೆದುಕೊಂಡಳು. ಗಂಡ ಹೋಗಿ ಇನ್ನೂ ಒಂದು ದಿನ ತುಂಬದ ಮುದುಕಿಯ ಕೈಯಲ್ಲಿ ಅಷ್ಟು ಬಲವಿದ್ದೀತೆಂದು ಗಾಳೆಮ್ಮ ಎಣಿಸಿರಲಿಲ್ಲ.

“ಒಳಗ ಬಾರವ್ವ. ನೀನೂ ಹೊರಗಿನವರಂಗ ಅಲ್ಲೇ ನಿಂತ್ರ ಹೆಂಗ? ಅವರು ನಿನ್ನ ಹೆಸರು ತಗೊಳ್ದ ದಿನ ಇದ್ದಿಲ್ಲ.”

ಪಡಸಾಲೆಯ ಗೋಡೆಗೆ ಒರಗಿಸಿ ಟೈಲರ್ ಕೊಟ್ರಬಸಪ್ಪನನ್ನು ಕೂಡಿಸಿದ್ದರು. ತಲೆ ವಾಲದಂತೆ ಬಿಳಿ ವಸ್ತ್ರದಿಂದ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ನಲವತ್ತು ವರ್ಷ ಹೊಲಿಗೆ ಮಿಷನ್ನಿನ ಮುಂದೆ ಬೆನ್ನು ಬಾಗಿಸಿಕೊಂಡು ಕೂತಿದ್ದ ಮನುಷ್ಯ ಇವತ್ತೊಂದು ದಿನ ನೆಟ್ಟಗೆ ಕೂತಿದ್ದ. ಪಕ್ಕದಲ್ಲಿ ಅವನ ತಂಬೂರಿ ಇತ್ತು. ಬಿದಿರಿನ ಕೋಲು, ಕೋಲಿನ ಬುಡಕ್ಕೆ ಕಂದುಬಣ್ಣಕ್ಕೆ ತಿರುಗಿದ ಸೋರೆಬುರುಡೆ, ಬುರುಡೆಯ ಬಾಯಿಗೆ ಬಿಗಿದ ಆಡಿನ ಚರ್ಮ. ಗಾಳೆಮ್ಮ ಮೊದಲು ನೋಡಿದ್ದು ತಂಬೂರಿಯನ್ನು, ಆಮೇಲೆ ಗುರುವಿನ ಮುಖವನ್ನು. ಹಾಗೆ ನೋಡಿದ್ದಕ್ಕೆ ಆಕೆಗೆ ನಾಚಿಕೆಯೂ ಆಯಿತು.

ತೆಲಿಗಿಯ ಸರ್ಕಾರಿ ಶಾಲೆಯಲ್ಲಿ ಆಕೆ ಟೀಚರು. ಬೆಳಿಗ್ಗೆ ಆರರ ಬಸ್ಸಿಗೆ ಹೊರಟು, ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಿ, ಕೊಟ್ಟೂರಿನಲ್ಲಿ ಟಂಟಂ ಹತ್ತಿ ಉಜ್ಜಿನಿ ದಾರಿಯ ಈ ಕರೇಕಲ್ಲಹಳ್ಳಿಗೆ ಬಂದು ಮುಟ್ಟಿದ್ದಳು. ರಜೆ ಕೇಳುವಾಗ ಹೆಡ್‌ಮಾಸ್ತರರು ಫೋನಿನಲ್ಲಿ ತೀರಿಕೊಂಡವರು ಯಾರು ಎಂದು ಕೇಳಿದ್ದರು. “ನನ್ನ ಗುರುಗಳು ಸಾರ್” ಎಂದಿದ್ದಳು.

ಆಕೆಯ ತಾಯಿ ಪಕ್ಕೀರಮ್ಮ ಕೆಳಗಿನ ಕೇರಿಯ ಹೆಂಗಸರ ಜೊತೆ ಬೀದಿಯಾಚೆ ಬೇವಿನ ನೆರಳಿನಲ್ಲಿ ಕೂತಿದ್ದಳು. ಮಗಳನ್ನು ಒಳಗೆ ಎಳೆದುಕೊಂಡಿದ್ದನ್ನು ಕಂಡು ಆಕೆಯ ಮುಖ ಅರಳಿತು. ತನ್ನನ್ನು ಯಾರೂ ಒಳಗೆ ಕರೆಯಲಿಲ್ಲ ಎಂಬುದು ಆಕೆಗೆ ಹೊಳೆಯಲೂ ಇಲ್ಲ.

ಪಡಸಾಲೆಯಲ್ಲಿ ಮಾತು ನಡೆದಿತ್ತು. ಸಾವಿನ ಮನೆಯಲ್ಲಿ ಅತ್ತು ದಣಿದ ಮೇಲೆ ಸತ್ತವರ ಹಳೆಯ ತಮಾಷೆಗಳು ಹೊರಗೆ ಬರುತ್ತವಲ್ಲ, ಆ ಹೊತ್ತು.

“ಯಾರಿಗೂ ಇಲ್ಲ ಅಂದ ಮನುಷ್ಯ ಅಲ್ಲ ಬಿಡ್ರಿ” ಎಂದ ಕಂಬಕ್ಕೊರಗಿದ್ದ ಕರಿಸಿದ್ದಪ್ಪ. ಅವನು ಕೊಟ್ರಬಸಪ್ಪನ ಓರಗೆಯವನು, ಗುಡಿಕಟ್ಟೆಯ ಹಿರಿಯರಲ್ಲೊಬ್ಬ.

“ಇಲ್ಲ ಅಂದಿದ್ರ ಚಲೋ ಇತ್ತು” ಎಂದಳೊಬ್ಬ ಹೆಂಗಸು. “ಯುಗಾದಿಗೆ ಊರ ಮಂದೀದೆಲ್ಲ ಬಟ್ಟಿ ಇಸಗೊಳ್ಳೋದು, ನಾಳೆ ಬಾ, ನಾಳೆ ಬಾ ಅನ್ನೋದು. ನನ್ನ ಮಗನ ಮದಿವಿ ಅಂಗಿ ಮದಿವ್ಯಾಗಿ ಎಂಟು ದಿನಕ್ಕ ಕೊಟ್ರು. ಅವ ಅಣ್ಣನ ಅಂಗಿ ಹಾಕ್ಕೊಂಡಾ ತಾಳಿ ಕಟ್ಟಿದ.”

ನಕ್ಕರು. ಬಸಲಿಂಗಮ್ಮನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ಗಾಳೆಮ್ಮ ಆಕೆಯ ಬೆನ್ನು ಸವರಿದಳು.

*

ಗಾಳೆಮ್ಮನಿಗೆ ಹನ್ನೆರಡು ವರ್ಷವಾಗಿದ್ದಾಗ, ಅಂದರೆ ತೊಂಬತ್ತೊಂದನೇ ಇಸವಿಯಲ್ಲಿ, ಆಕೆ ಅಪ್ಪ ಹದ ಮಾಡಿಕೊಟ್ಟ ಆಡಿನ ಚರ್ಮ ಹಿಡಿದು ಟೈಲರ್ ಅಂಗಡಿಯ ಮುಂದೆ ನಿಂತಿದ್ದಳು. ತಂಬೂರಿಯ ಬಾಯಿಗೆ ಬಿಗಿಯುವ ಚರ್ಮವೆಲ್ಲ ಅವರ ಮನೆಯಿಂದಲೇ ಹೋಗುತ್ತಿತ್ತು. ಚರ್ಮ ಗುಡಿಯೊಳಗಿನ ಭಜನೆಗೆ ಹೋಗುತ್ತಿತ್ತು, ಅದನ್ನು ಹದ ಮಾಡಿದವರು ಹೋಗುತ್ತಿರಲಿಲ್ಲ. ಇದರಲ್ಲಿ ವಿಚಿತ್ರವೇನಿದೆ ಎಂದು ಆಗ ಯಾರೂ ಕೇಳುತ್ತಿರಲಿಲ್ಲ, ಗಾಳೆಮ್ಮನೂ ಕೇಳಲಿಲ್ಲ.

ಕೊಟ್ರಬಸಪ್ಪ ಒಳಗೆ ಮಿಷನ್ನು ತುಳಿಯುತ್ತ ಒಂದು ಪದ ಗುನುಗುತ್ತಿದ್ದ. ಎರಡನೇ ಸಾಲಿಗೆ ದಾರ ಕಡಿಯಿತು, ಪದ ನಿಂತಿತು. ಹೊರಗೆ ನಿಂತ ಹುಡುಗಿ ಅದನ್ನು ತಾನೇ ಮುಂದುವರಿಸಿದಳು. ಹಾಡಬೇಕೆಂದು ಹಾಡಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಕೊಟ್ರಬಸಪ್ಪ ದಾರ ಪೋಣಿಸುವುದನ್ನು ಬಿಟ್ಟು ಹೊರಗೆ ಬಂದ.

“ಇನ್ನೊಮ್ಮಿ ಹಾಡು.”

ಹಾಡಿದಳು. ಅವನ ಕಣ್ಣಲ್ಲಿ ನೀರು ನಿಂತಿತು. ಆ ನೀರು ಸುಳ್ಳಲ್ಲ. ಅದನ್ನು ಈಗಲೂ ಒಪ್ಪಿಕೊಳ್ಳಬೇಕು.

“ನನಗೂ ಬೀಜ ಕೊಡ್ರಿ” ಎಂದಳು ಗಾಳೆಮ್ಮ.

ಆ ಭಾಗದಲ್ಲಿ ಈ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಕೊಟ್ರಬಸಪ್ಪನ ಹತ್ತಿರ ಭಜನೆ ಕಲಿಯಬೇಕಾದವರು ಮೊದಲು ಅವನಿಂದ ಐದು ಕಹಿಸೋರೆ ಬೀಜ ಪಡೆಯಬೇಕು. ಮುಂಗಾರಿಗೆ ಬೇಲಿಗೆ ಹಾಕಬೇಕು, ಬಳ್ಳಿ ಬೆಳೆಸಬೇಕು. ಮೊದಲ ಕಾಯಿ ಗುರುವಿನ ಮನೆಗೆ, ಮಿಕ್ಕಿದ್ದರಲ್ಲಿ ದುಂಡನೆಯದೊಂದನ್ನು ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಬೇಸಿಗೆಯವರೆಗೆ ಒಣಗಿಸಬೇಕು. ಆ ಬುರುಡೆ ತಂದವನಿಗೇ ಅವನು ತಂಬೂರಿ ಕಟ್ಟಿಕೊಟ್ಟು ಮೊದಲ ಪದ ಹೇಳಿಕೊಡುತ್ತಿದ್ದ. ಹೊಸಪೇಟೆಯ ವ್ಯಾಪಾರಿಯೊಬ್ಬ ಮರದಲ್ಲಿ ಕೊರೆದ ವಾದ್ಯ ತಂದು ತೋರಿಸಿದಾಗ ಅವನು, “ನಾವು ಒಂದು ಪದ ಹಾಡಾಕ ಕೂಡ್ಲಿಗಿ ಗುಡ್ಡದಾಗಿನ ಒಂದು ಕಮರದ ಮರ ಬೀಳಬಾರ್ದಪ್ಪ” ಎಂದು ಕೈಮುಗಿದು ಕಳಿಸಿದ್ದ. ಬಳ್ಳಿ ಬೆಳೆಸದ ಕೈಗೆ ತಂತಿ ಮುಟ್ಟುವ ಹಕ್ಕಿಲ್ಲ ಎನ್ನುವುದು ಅವನ ಕಟ್ಟಪ್ಪಣೆ. ಇನ್ನೂ ಒಂದಿತ್ತು. ತಂಬೂರಿಗೆಂದು ಬಿಟ್ಟ ಬಳ್ಳಿಯ ಕಾಯಿಗೆ ಉಗುರು ತಾಕಬಾರದು, ನಾಲಿಗೆ ತಾಕಬಾರದು. ಕಹಿ ಹೆಚ್ಚಿದ್ದಷ್ಟೂ ಬುರುಡೆ ಗಟ್ಟಿ, ಆ ಕಹಿ ತಿಂದರೆ ವಿಷ.

ಹುಡುಗಿ ಬೀಜ ಕೇಳಿದಾಗ ಕೊಟ್ರಬಸಪ್ಪ ಗುಡಿಕಟ್ಟೆಯ ಕಡೆಗೊಮ್ಮೆ ನೋಡಿದ. “ನಾಳೆ ಬಾ” ಎಂದ. ಮರುದಿನ ಹೋದರೆ ಮತ್ತೆ ನಾಳೆ ಎಂದ. ಮೂರನೆಯ ದಿನ ಬಟ್ಟೆಯ ಚೂರಿನಲ್ಲಿ ಐದು ಬೀಜ ಕಟ್ಟಿ, ಆಕೆಯ ಅಂಗೈಗೆ ಮೇಲಿನಿಂದ ಹಾಕಿದ.

ಮೊದಲ ವರ್ಷ ಬಳ್ಳಿ ಗುಡಿಸಲ ಮೇಲೆಲ್ಲ ಹಬ್ಬಿತು. ಪಕ್ಕೀರಮ್ಮ ಪಾತ್ರೆ ತೊಳೆದ ನೀರನ್ನೂ ಚೆಲ್ಲದೆ ಅದರ ಬುಡಕ್ಕೆ ಹಾಕಿದಳು. ಹದಿನಾರು ಕಾಯಿ ಬಿಟ್ಟವು. ಒಣಗಲು ಬಿಟ್ಟ ಕಾಯಿ ದೀಪಾವಳಿ ಹೊತ್ತಿಗೆ ಮೆತ್ತಗಾಗಿ ನೀರು ಸೋರಿತು. ಎರಡನೇ ವರ್ಷದ್ದು ಒಣಗಿತು, ಆದರೆ ಕೊಟ್ರಬಸಪ್ಪ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದು ಗರಗಸ ಇಟ್ಟದ್ದೇ ತಡ ಒಳಕ್ಕೆ ಕುಸಿಯಿತು. ಮೂರನೇ ವರ್ಷದ್ದಕ್ಕೆ ಚರ್ಮ ಬಿಗಿದದ್ದೂ ಆಯಿತು, ಕೋಲು ತೂರಿಸಿದ್ದೂ ಆಯಿತು. ತಂತಿ ಎಳೆಯುವಾಗ ಟಪ್ಪನೆ ಸೀಳಿತು. ಅದೇ ವರ್ಷ ಬೀಜ ತೆಗೆದುಕೊಂಡಿದ್ದ ಊರ ಹುಡುಗ ನಾಗಪ್ಪನ ಬುರುಡೆಯನ್ನು ಎಮ್ಮೆ ತುಳಿದರೂ ಅದಕ್ಕೆ ಏನೂ ಆಗಿರಲಿಲ್ಲ.

ಸೀಳಿದ ಬುರುಡೆಯನ್ನು ಕೈಯಲ್ಲಿ ಹಿಡಿದು ಕೊಟ್ರಬಸಪ್ಪ ಬಹಳ ಮೆತ್ತಗೆ ಹೇಳಿದ. “ಬೆಳಸೋ ಕೈಯವ್ವ ನಿಂದು. ಒಣಗಿಸೋ ಕೈಯಲ್ಲ. ಬ್ಯಾಸರ ಮಾಡ್ಕೋಬ್ಯಾಡ. ಕೈಗುಣ, ಯಾರೇನು ಮಾಡಾಕಾಕ್ಕತಿ?”

ಆ ಮಾತು ಅಂಗಡಿಯಲ್ಲೇ ಉಳಿಯಲಿಲ್ಲ. ಕೇರಿಗೆ ಹೋಯಿತು, ಮನೆಗೆ ಹೋಯಿತು, ಮದುವೆಯಾದ ಮೇಲೆ ಆಕೆಯ ಹಿಂದೆಯೇ ಗಂಡನ ಮನೆಗೂ ಹೋಯಿತು. ಸಂಡಿಗೆ ಹಾಕುವಾಗ ಗಾಳೆಮ್ಮ ಹತ್ತಿರ ಬರಬಾರದು. ಮೆಣಸಿನಕಾಯಿ ಹರವುವಾಗ ಬರಬಾರದು. ಒಮ್ಮೆ ಅತ್ತೆಯ ಹಪ್ಪಳಕ್ಕೆ ಬೂಸು ಹಿಡಿದಾಗ, ಆ ವಾರವಿಡೀ ಮೋಡ ಕವಿದಿದ್ದರೂ ಸಹ, ಎಲ್ಲರೂ ನೋಡಿದ್ದು ಗಾಳೆಮ್ಮನ ಕೈಯನ್ನೇ. ಟಿಸಿಎಚ್ ಶಿಕ್ಷಕರ ತರಬೇತಿ ಮುಗಿಸಿ, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಆಕೆಯೂ ಅಂಥ ದಿನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ದೂರ ಕೂರುತ್ತಿದ್ದಳು. ಗುರುವಿನ ಅಂಗಡಿಯ ಹೊರಗೆ ನಿಂತು ಕೇಳಿ ಕಲಿತ ಪದಗಳನ್ನು ಶಾಲೆಯಲ್ಲಿ ಹೇಳಿಕೊಡುವಾಗಲೂ ಅಷ್ಟೆ. ಬರೀ ಚಪ್ಪಾಳೆ, ವಾದ್ಯ ಮುಟ್ಟುತ್ತಿರಲಿಲ್ಲ.

*

ಹತ್ತು ಗಂಟೆಗೆ ನಾಗಪ್ಪ ಬಂದ. ಈಗ ಅವನೇ ಭಜನಾ ಸಂಘದ ಮುಂದಾಳು. ಸಂಘದವರ ಹೆಗಲಲ್ಲಿ ನೇತಾಡುತ್ತಿದ್ದವು ಫೈಬರಿನ ತಂಬೂರಿಗಳು. ಶ್ರುತಿಗೆ ಒಂದು ಕರೆಂಟಿನ ಪೆಟ್ಟಿಗೆಯೂ ಇತ್ತು. ಬೇಲಿಗಳು ಹೋಗಿ ತಂತಿ ಬಂದ ಮೇಲೆ ಕಹಿಸೋರೆಯನ್ನು ಯಾರೂ ಹಾಕುತ್ತಿರಲಿಲ್ಲ. ಕೊಟ್ರಬಸಪ್ಪ ಬೀಜ ಹಿಡಿದುಕೊಂಡು ಮನೆಮನೆಗೆ ಅಲೆದರೂ “ಆತ್ರಿ ಗುರುಗಳ” ಎಂದು ತೆಗೆದುಕೊಂಡು ಗೂಡಿನಲ್ಲಿಟ್ಟು ಮರೆಯುತ್ತಿದ್ದರು. ಇಲ್ಲ ಎನ್ನದಿರುವ ವಿದ್ಯೆಯನ್ನಂತೂ ಅವನಿಂದ ಎಲ್ಲರೂ ಕಲಿತಿದ್ದರು.

ನಾಗಪ್ಪ ಹೆಣಕ್ಕೆ ನಮಸ್ಕರಿಸಿ, ಗೋಡೆಗೊರಗಿಸಿದ್ದ ತಂಬೂರಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಗಾಳೆಮ್ಮನ ಮುಂದೆ ನಿಂತ.

“ಟೀಚರಮ್ಮಾರ, ಹಿರೇರ ಕೂಡ ಮಾತಾಡೀವಿ. ಗುರುಗಳ ತಂಬೂರಿ ಇವತ್ತು ನೀವು ಹಿಡೀರಿ. ಗುರುಗಳನ್ನ ಕೂಡ್ರಿಸಿ ಹೊರೋ ವಿಮಾನದ ಮುಂದ ಹಾಡ್ಕೊಂತ ನಡೀರಿ. ಅಲ್ಲಿ ಮಣ್ಣು ಕೊಡೋದಕಿಂತ ಮೊದಲು ನಾಕು ಮಾತೂ ಆಡಬೇಕು. ಅವತ್ತು ಪರಿಸರ ದಿನದಾಗ ಆಡಿದ್ರಲ್ಲ, ಅದನ್ನಾ ಆಡ್ರಿ. ಮಂದಿ ಇನ್ನೂ ನೆನಸ್ತಾರ.”

ಗಾಳೆಮ್ಮ ಹದಿನೇಳು ವರ್ಷ ಆಸೆಪಟ್ಟ ವಸ್ತು ತಾನಾಗಿ ಎದುರು ಬಂದು ನಿಂತಿತ್ತು. “ನಂದು… ನನ್ನ ಕೈ…” ಎಂದು ತೊದಲಿದಳು.

“ಏ, ಇದು ಒಣಗಿ ಮೂವತ್ತು ವರ್ಷ ಆಗೇತಿ ಬಿಡ್ರಿ, ನಿಮ್ಮ ಕೈಗೆ ಏನೂ ಆಗಂಗಿಲ್ಲ” ಎಂದು ನಾಗಪ್ಪ ನಕ್ಕ. ಗಾಳೆಮ್ಮನೂ ನಕ್ಕಳು. ವಿಮಾನ ಕಟ್ಟಿ ಮುಗಿಯಲಿ, ಹೊರಡುವಾಗ ತೆಗೆದುಕೊಳ್ಳುತ್ತೇನೆ ಎಂದಳು.

*

ಪರಿಸರ ದಿನ ನಡೆದದ್ದು ಎರಡು ವರ್ಷದ ಹಿಂದೆ, ಎರಡು ಸಾವಿರದ ಆರರ ಜೂನಿನಲ್ಲಿ. ಊರ ಯುವಕ ಮಂಡಳಿಯವರು ಶಾಲೆಯ ಮುಂದೆ ಪೆಂಡಾಲು ಹಾಕಿ, ಮರ ಕಡಿಯದೆ ಸಂಗೀತ ಕಲಿಸಿದ ಕೊಟ್ರಬಸಪ್ಪನಿಗೆ ಶಾಲು ಹೊದಿಸಿದ್ದರು. ಶಿಷ್ಯರ ಪರವಾಗಿ ಮಾತಾಡಲು ಗಾಳೆಮ್ಮ ತೆಲಿಗಿಯಿಂದ ಬಂದಿದ್ದಳು. ಎಂಟು ದಿನ ಕೂತು ಬರೆದುಕೊಂಡ ಭಾಷಣ ಅದು.

“ನನ್ನ ಕೈಯಲ್ಲಿ ಬುರುಡೆ ಒಣಗಲಿಲ್ಲ. ಅದು ನನ್ನ ದುರದೃಷ್ಟ” ಎಂದು ಮೈಕಿನ ಮುಂದೆ ಹೇಳಿದ್ದಳು. “ಆದರೂ ಗುರುಗಳು ಬೇಸರ ಮಾಡಿಕೊಳ್ಳದೆ ಮೂರು ವರ್ಷ ನನಗೆ ಬೀಜ ಕೊಟ್ಟರು. ಅಂಥ ತಾಳ್ಮೆಯನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.”

ಜನ ಚಪ್ಪಾಳೆ ತಟ್ಟಿದರು. ಕರಿಸಿದ್ದಪ್ಪನೂ ತಟ್ಟಿದ, ನಾಗಪ್ಪನೂ ತಟ್ಟಿದ. ವೇದಿಕೆಯ ಮೇಲೆ ಕೊಟ್ರಬಸಪ್ಪ ತಲೆ ಎತ್ತಲೇ ಇಲ್ಲ. ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಎಂಥ ವಿನಯ ಎಂದು ಎಲ್ಲರೂ ಕೊಂಡಾಡಿದರು. ಕಾರ್ಯಕ್ರಮ ಮುಗಿದ ಮೇಲೆ ಗಾಳೆಮ್ಮ ಕಾಲಿಗೆ ಬಿದ್ದಾಗ ಅವನು ಏನೋ ಹೇಳಲು ಬಾಯಿ ತೆರೆದವನು, “ನಾಳೆ ಮನಿಕಡೆ ಬಾರವ್ವ” ಎಂದಷ್ಟೇ ಅಂದ. ಮರುದಿನ ಆಕೆಗೆ ಶಾಲೆ ಇತ್ತು.

*

ಬಿಲ್ವಪತ್ರೆಯ ಬುಟ್ಟಿ ತರಲು ಬಸಲಿಂಗಮ್ಮ ಗಾಳೆಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಹದಿನೇಳು ವರ್ಷದಲ್ಲಿ ಗಾಳೆಮ್ಮ ಆ ಅಡುಗೆಮನೆಯ ಬಾಗಿಲು ದಾಟಿದ್ದು ಅದೇ ಮೊದಲು. ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವ ಜಾಗದಲ್ಲಿ ಎರಡು ಡಬ್ಬಿಗಳಿದ್ದವು. ಗಾಳೆಮ್ಮ ಅವನ್ನೇ ನೋಡುತ್ತಿದ್ದುದನ್ನು ಮುದುಕಿ ಕಂಡಳು.

“ಬೀಜದ ಡಬ್ಬಿ ನೋಡವ್ವ. ದೊಡ್ಡದರಾಗ ತಂಬೂರಿವು. ಸಣ್ಣದರಾಗ ನಿನ್ನ ಬೀಜ.”

“ನನ್ನ ಬೀಜ ಏನ್ರವ್ವಾರ?”

“ಪಲ್ಯದ್ದು. ನಿನಗಂತನಾ ಕೊಟ್ಟೂರು ಸಂತಿಗೆ ಹೋಗಿ ಆರಿಸಿ ತಂದಿದ್ರು. ಮೊದಲನೇ ಕಾಯಿ ನೀ ತಂದು ಕೊಡ್ತಿದ್ದೆಲ್ಲ, ಮೂರು ವರ್ಷನೂ ನಾನಾ ಹೆಚ್ಚೀನಿ. ತುದಿ ನಾಲಿಗಿಗೆ ಹಚ್ಚಿ ನೋಡಿದ್ರ, ಏನು ಸಿಹಿ ಅಂತಿ! ಬ್ಯಾಳಿ ಹಾಕಿ ಪಲ್ಯ ಮಾಡಿದ್ರ ಅವರು ಮಾತ್ರ ತಾಟಿಗೆ ಹಾಕಿಸ್ಕೊತಿದ್ದಿಲ್ಲ. ಬಡವರ ಮನಿ, ಉಣ್ಣಾಕಾಗ್ಲಿ ಅಂತ ಕೊಟ್ಟೀನಿ ಅಂತಿದ್ರು. ದೇವರಂಥ ಮನಿಷ್ಯಾ.”

ಗಾಳೆಮ್ಮ ಒಲೆಯ ಕಟ್ಟೆ ಹಿಡಿದುಕೊಂಡಳು.

“ಸಿಹಿ ಇದ್ವೇನ್ರಿ?”

“ಹೂಂ ಮತ್ತ! ನಿಮ್ಮನ್ಯಾಗ ಉಂಡಿಲ್ಲೇನು?”

ಸಿಹಿಸೋರೆಯ ಸಿಪ್ಪೆ ತೆಳು, ಅದು ಬುರುಡೆಯಾಗುವುದಿಲ್ಲ, ಆದರೂ ತಂತಿಯ ಬಿಗಿತ ತಡೆಯುವುದಿಲ್ಲ. ಇದನ್ನು ಆಕೆಗೆ ಹೇಳಿಕೊಟ್ಟವನು ಕೊಟ್ರಬಸಪ್ಪನೇ. ಕೊಳೆತದ್ದು, ಕುಸಿದದ್ದು, ಸೀಳಿದ್ದು, ಮೂರೂ ಸಾಲಾಗಿ ಬಂದು ಕಣ್ಣ ಮುಂದೆ ನಿಂತವು. ಆಕೆ ತನ್ನ ಕೈಗಳನ್ನು ನೋಡಿಕೊಂಡಳು. ಏನೂ ಆಗಿರದ ಕೈಗಳು. ಹದಿನಾಲ್ಕು ವರ್ಷ ಸೆರಗಿನೊಳಗೆ ಬಚ್ಚಿಟ್ಟುಕೊಂಡ ಕೈಗಳು. ಎದೆಯಲ್ಲಿ ಸಿಟ್ಟು ಎದ್ದ ರಭಸಕ್ಕೆ ಆಕೆಗೇ ಹೆದರಿಕೆಯಾಯಿತು.

ಬಸಲಿಂಗಮ್ಮನ ಮುಖದಲ್ಲಿ ಕಪಟವಿರಲಿಲ್ಲ. ಗಂಡ ಹೇಳಿದ್ದನ್ನು ಆಕೆಯೂ ನಂಬಿದ್ದಳು. ಆಕೆಯ ಮೇಲೆ ಸಿಟ್ಟು ಮಾಡಿ ಪ್ರಯೋಜನವಿರಲಿಲ್ಲ. ಗಾಳೆಮ್ಮ ಬಿಲ್ವಪತ್ರೆಯ ಬುಟ್ಟಿ ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದಳು. ಅಲ್ಲಿ ನಾಗಪ್ಪ ವಿಮಾನದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ.

“ನಾಗಪ್ಪಣ್ಣ, ನನಗ ಕೊಟ್ಟಿದ್ದು ಸಿಹಿಬೀಜ ಅಂತ ನಿನಗ ಗೊತ್ತಿತ್ತೇನು?”

ಹಗ್ಗ ಬಿಗಿಯುತ್ತಿದ್ದ ಕೈ ನಿಂತಿತು. ಅಷ್ಟು ಸಾಕಾಗಿತ್ತು. ಆದರೂ ಅವನು ಹೇಳಿದ, ಆಚೀಚೆ ನೋಡಿ, ದನಿ ತಗ್ಗಿಸಿ.

“ಹಳೇದು ಯಾಕ ತಗೀತಿ ತಂಗಿ? ಕಟ್ಟಿ ಮ್ಯಾಗ ಮಾತಾಗಿತ್ತು. ಆಕಿಗೆ ತಂಬೂರಿ ಕೊಟ್ರ ಆಕಿ ಸೋಮಾರ ಸೋಮಾರ ಗುಡಿಯಾಗ ಬಂದು ಕುಂದ್ರತಾಳ, ಆಮ್ಯಾಲೆ ಕೇರಿಯೆಲ್ಲ ಬರತೈತಿ ಅಂದ್ರು. ಕರಿಸಿದ್ದಪ್ಪ ಮಾವಾರು ಖಡಾಖಂಡಿತ ಹೇಳಿದ್ರು. ಗುರುಗಳಿಗೆ ಸಂಕಟ ಆತು. ನಿನಗ ಇಲ್ಲ ಅನ್ನಾಕ ಅವರಿಗೆ ಬಾಯಿ ಬರಲಿಲ್ಲ.”

“ಅವರಿಗೂ ಇಲ್ಲ ಅನ್ನಲಿಲ್ಲ, ನನಗೂ ಇಲ್ಲ ಅನ್ನಲಿಲ್ಲ.”

“ಹೂಂ. ಅವರ ಸ್ವಭಾವನಾ ಹಂಗ.”

“ಇಲ್ಲ ಅಂದಿದ್ರ ನಾನು ಒಂದಿನ ಅತ್ತು ಸುಮ್ಮನಾಕ್ಕಿದ್ದೆ ನಾಗಪ್ಪಣ್ಣ. ಬೈದಿದ್ರೂ ಸುಮ್ಮನಾಕ್ಕಿದ್ದೆ. ನನ್ನ ಕೈನಾ ಕೆಟ್ಟದ್ದು ಮಾಡಿ ಕಳಿಸಿದ್ರಲ್ಲ. ನೀವೆಲ್ಲ ಗೊತ್ತಿದ್ದೂ ಅವತ್ತು ಪೆಂಡಾಲಿನಾಗ ಚಪ್ಪಾಳಿ ಹೊಡದ್ರಿ.”

ನಾಗಪ್ಪ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡ. ನೆರಳಿನಲ್ಲಿ ನಿಂತಿದ್ದರೂ ಬೆವೆತಿದ್ದ. “ಈಗ ಕಾಲ ಬದಲಾಗೇತಿ. ಅದಕ್ಕಾ ಇವತ್ತು ತಂಬೂರಿ ನಿಮಗಾ ಅಂದೀವಲ್ರಿ” ಎಂದ. ಆ ಮಾತಿಗೆ ಮತ್ತೆ ಬಹುವಚನ ಬಂದಿತ್ತು.

ವಿಮಾನ ಎತ್ತಿದರು. ನಾಗಪ್ಪ ತಂಬೂರಿ ಚಾಚಿದಾಗ ಗಾಳೆಮ್ಮ ಬೆರಳ ಗೆಣ್ಣಿನಿಂದ ಬುರುಡೆಯನ್ನು ಎರಡು ಸಲ ಬಡಿದು ನೋಡಿದಳು. ಕಬ್ಬಿಣದಂತೆ ಗಟ್ಟಿಯಿತ್ತು.

“ಕಹಿ ಬಳ್ಳಿ ಬೆಳಸಿದವರು ಹಿಡೀಲಿ” ಎಂದು ಹೆಂಗಸರ ಗುಂಪಿಗೆ ಹೋಗಿ ತಾಯಿಯ ಪಕ್ಕ ನಡೆಯತೊಡಗಿದಳು. ಆ ಮಾತು ಕೇಳಿದ ಮೇಲೆ ನಾಗಪ್ಪನಿಗೂ ಅದನ್ನು ಹೆಗಲಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ತಂಬೂರಿಯನ್ನು ಯಾರು ಹಿಡಿಯಬೇಕೆಂದು ತಿಳಿಯದೆ ಸಂಘದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅದನ್ನು ಹೆಣದ ತೊಡೆಯ ಮೇಲೆಯೇ ಇಟ್ಟರು. ಹಾದಿಯುದ್ದಕ್ಕೂ ಫೈಬರ್ ತಂಬೂರಿಗಳು ನುಡಿದವು.

ಗದ್ದುಗೆಯ ಕುಣಿ ಊರಾಚೆಯ ಹೊಲದಲ್ಲಿ, ಕೊಟ್ರಬಸಪ್ಪನದೇ ಬೇಲಿಯ ಪಕ್ಕ. ಕೂತ ಭಂಗಿಯಲ್ಲೇ, ತೊಡೆಯ ಮೇಲಿನ ತಂಬೂರಿಯ ಸಮೇತ ಅವನನ್ನು ಇಳಿಸಿ, ಸುತ್ತ ವಿಭೂತಿ ಗಟ್ಟಿ, ಪತ್ರೆ ತುಂಬಿದರು. ಅಯ್ಯನವರು ಮಂತ್ರ ಮುಗಿಸಿದ ಮೇಲೆ ಕರಿಸಿದ್ದಪ್ಪ ಜನರ ಕಡೆ ತಿರುಗಿದ. ಅವನಿಗೆ ಹಿತ್ತಿಲಲ್ಲಿ ಆದ ಮಾತು ಗೊತ್ತಿರಲಿಲ್ಲ.

“ಈಗ ನಮ್ಮ ಟೀಚರಮ್ಮ ಗುರುಗಳ ಬಗ್ಗೆ ನಾಕು ಮಾತು ಆಡ್ತಾರ. ಎಲ್ಲಾರೂ ಸುಮ್ಮಕಿರ್ರಿ.”

ನಾಗಪ್ಪ ಕಣ್ಣಿನಲ್ಲೇ ಬೇಡ ಎಂದು ಬೇಡಿಕೊಂಡ. ಗಾಳೆಮ್ಮ ಮುಂದೆ ಬಂದು ಕುಣಿಯ ಅಂಚಿನಲ್ಲಿ ನಿಂತಳು. ಬಸಲಿಂಗಮ್ಮ ಆಕೆಯನ್ನೇ ಆಸೆಯಿಂದ ನೋಡುತ್ತಿದ್ದಳು. ಆ ನೋಟಕ್ಕಾಗಿ ಸುಮ್ಮನಾಗಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಹಳೆಯ ಭಾಷಣ ಬಾಯಿಪಾಠವಾಗಿತ್ತು, ಶುರುಮಾಡಿದರೆ ತಾನಾಗಿ ಹರಿಯುತ್ತಿತ್ತು. ಎಲ್ಲರೂ ಅಳುತ್ತಿದ್ದರು, ಎಲ್ಲರಿಗೂ ಸಮಾಧಾನವಾಗುತ್ತಿತ್ತು.

“ಗುರುಗಳು ನನಗ ಮೂರು ವರ್ಷ ಬೀಜ ಕೊಟ್ರು” ಎಂದಳು. ಜನ ತಲೆದೂಗಿದರು.

“ಸಿಹಿಬೀಜ. ಸಿಹಿಕಾಯಿ ತಂಬೂರಿಗೆ ಬರಂಗಿಲ್ಲ. ಅದು ಅವರಿಗೆ ಗೊತ್ತಿತ್ತು. ಇಲ್ಲಿ ನಿಂತ ಹಿರೇರಿಗೂ ಗೊತ್ತಿತ್ತು. ನನಗ ಇವತ್ತು ಗೊತ್ತಾತು. ಅವತ್ತು ಮೈಕಿನಾಗ ನಾ ಆಡಿದ್ದು ಸುಳ್ಳು. ನನ್ನ ಕೈಯಾಗ ಏನೂ ದೋಷ ಇಲ್ಲ.”

ಅಷ್ಟೇ. ನಾಲ್ಕು ಮಾತಿಗಿಂತ ಎರಡು ಹೆಚ್ಚಿದ್ದವೇನೋ. ಕರಿಸಿದ್ದಪ್ಪ ನೆಲ ನೋಡಿದ. ಸಂಘದವರಲ್ಲೊಬ್ಬ ಶ್ರುತಿಪೆಟ್ಟಿಗೆಯ ಗುಂಡಿ ಒತ್ತಿ ಅದನ್ನು ನಿಲ್ಲಿಸಿದ. ಬಸಲಿಂಗಮ್ಮ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದು, ಯಾರೂ ಇಲ್ಲವೆನ್ನದಿದ್ದುದನ್ನು ಕಂಡು, ಮೆಲ್ಲಗೆ ನೆಲಕ್ಕೆ ಕುಸಿದು ಕೂತಳು. ಆಕೆ ಕೂತದ್ದನ್ನು ನೋಡಿಯೂ ಗಾಳೆಮ್ಮನಿಗೆ ಆಡಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ.

ಗಾಳೆಮ್ಮ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಕುಣಿಗೆ ಹಾಕಿದಳು. ಅದು ತಂಬೂರಿಯ ಚರ್ಮದ ಮೇಲೆ ಬಿದ್ದು ದಬ್ಬೆಂದು ಸದ್ದಾಯಿತು. ಆ ಚರ್ಮ ಹದ ಮಾಡಿದವನು ಆಕೆಯ ಅಪ್ಪ.

*

ಕೇರಿಗೆ ಬಂದು ಮೈತೊಳೆದುಕೊಂಡ ಪಕ್ಕೀರಮ್ಮ ತಲೆಗೂದಲು ಹಿಂಡಿಕೊಳ್ಳು‌ತ್ತ ಒಮ್ಮೆಲೇ ಕೇಳಿದಳು.

“ಹಂಗಾರ ಅವನ್ನ ಉಣ್ಣಬೌದಿತ್ತೇನು?”

“ಯಾವನ್ನ ಯವ್ವ?”

“ಆ ಕಾಯಿ. ಹದಿನಾರು ಬಿಟ್ಟಿದ್ವು ಮೊದಲನೇ ವರ್ಷ. ಕಹಿ ಐತಿ, ವಿಷ ಐತಿ ಅಂತ ಯಾರೂ ಮುಟ್ಟಲಿಲ್ಲ. ಆ ವರ್ಷ ಎರಡೂ ಹೊತ್ತು ಬರೇ ರೊಟ್ಟಿ, ಖಾರ ಉಂಡ್ವಿ. ನಿಮ್ಮಪ್ಪ ಕಾಯಿ ನೋಡ್ಕೊಂತ ಉಣ್ತಿದ್ದ.” ಕತ್ತೆತ್ತಿ ಮೇಲೆ ನೋಡಿದಳು. “ತಲಿ ಮ್ಯಾಲೆ ತೂಗಾಡ್ತಿದ್ವು ನೋಡು.”

ಗಾಳೆಮ್ಮ ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು. ಗೋಡೆಗೆ ತಲೆಯಿಟ್ಟು ಅತ್ತಳು. ಪಕ್ಕೀರಮ್ಮ ಸಮಾಧಾನ ಮಾಡಲು ಹೋಗಲಿಲ್ಲ, ಪಕ್ಕದಲ್ಲಿ ನಿಂತುಕೊಂಡಳು.

ಬೆಳಿಗ್ಗೆ ಸಾವಿಗೆ ಹೊರಡುವ ಮುಂಚೆ ಪಕ್ಕೀರಮ್ಮ ಸಂಡಿಗೆಗೆಂದು ಜೋಳದ ಹಿಟ್ಟು ಕುದಿಸಿದ್ದಳು. ಅದು ಪಾತ್ರೆಯಲ್ಲೇ ತಣ್ಣಗಾಗಿ ಕೂತಿತ್ತು. ಗಾಳೆಮ್ಮ ಕಣ್ಣೊರೆಸಿಕೊಂಡು ಎದ್ದು ಪಾತ್ರೆ ಎತ್ತಿಕೊಂಡಳು, ಪ್ಲಾಸ್ಟಿಕ್ ಹಾಳೆ ಸುತ್ತಿ ಹಿಡಿದುಕೊಂಡು, ಗುಡಿಸಲಿದ್ದ ಜಾಗದಲ್ಲಿ ಈಗ ಎದ್ದಿದ್ದ ಮನೆಯ ಮಾಳಿಗೆ ಹತ್ತಿದಳು. ಪಕ್ಕೀರಮ್ಮನ ಬಾಯಲ್ಲಿ ರೂಢಿಯಂತೆ “ಏ, ನೀ ಮುಟ್ಟ…” ಎನ್ನುವವರೆಗೆ ಬಂದು ನಿಂತಿತು.

ಏಪ್ರಿಲ್ ಬಿಸಿಲಿಗೆ ಮಾಳಿಗೆ ಕಾದಿತ್ತು. ಗಾಳೆಮ್ಮ ಹಿಟ್ಟನ್ನು ಚಮಚದಿಂದ ತೆಗೆಯದೆ ಕೈಯಿಂದಲೇ ತೆಗೆದು, ತೆಳ್ಳಗೆ ಎಳೆದು, ಸಾಲಾಗಿ ಇಡುತ್ತ ಹೋದಳು. ಆಮೇಲೆ ಮೆಟ್ಟಿಲ ನೆರಳಿನಲ್ಲಿ ಕೂತು ಕಾಯ್ದಳು. ಮೂರೂವರೆಯ ಟಂಟಂ ಹೋಯಿತು. ಐದರದ್ದೂ ಹೋಯಿತು. ಊರ ಕಡೆಯಿಂದ ಯಾರೂ ಬರಲಿಲ್ಲ, ಬೈಯಲೂ ಬರಲಿಲ್ಲ.

ಹೊತ್ತು ಇಳಿಯುವಾಗ ಒಂದು ಸಂಡಿಗೆಯ ಅಂಚಿಗೆ ಉಗುರು ತಾಗಿಸಿದಳು. ಅದು ತಾನಾಗಿಯೇ ಹಾಳೆಯಿಂದ ಬಿಟ್ಟುಕೊಂಡು ಬಂತು. ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಎಲ್ಲವನ್ನೂ ಮೊರಕ್ಕೆ ಹಾಕಿಕೊಂಡು ಕೆಳಗಿಳಿದು ಬಂದು, ತಾಯಿಯ ಮುಂದೆ ಹಿಡಿದು ಅಲುಗಿಸಿದಳು. ಒಣಗಿದ ಸಂಡಿಗೆ ಗಲಗಲ ಎಂದಿತು.

ಪಕ್ಕೀರಮ್ಮ ಒಲೆಯ ಮುಂದಿನಿಂದ ತಲೆ ಎತ್ತಿದಳು.

“ಇನ್ನೊಮ್ಮಿ ಅಲುಗಿಸು” ಎಂದಳು.